ತಪಾಸಣೆಯ ದಿನ ಒಡ್ಡಿದ ಸೆರಗು

ನಾಸಿಕದ ಒಂದು ಧರ್ಮಾರ್ಥ ಆಸ್ಪತ್ರೆಯ ಹಿಂಬದಿಗೆ ತಗಡಿನ ಮಾಡಿನ ಉದ್ದನೆಯ ಪಡಸಾಲೆಯೊಂದಿತ್ತು. ಚಾಂದವಡ್, ದಿಂಡೋರಿ ಕಡೆಯ ಹಳ್ಳಿಗಳಿಂದ ರೋಗಿಗಳ ಜೊತೆ ಬಂದವರು ಅಲ್ಲಿ ಮಲಗುತ್ತಿದ್ದರು, ಅಲ್ಲೇ ಉಣ್ಣುತ್ತಿದ್ದರು, ಅಳು ಬಂದರೆ ಅಲ್ಲೇ ಒಂದು ಮೂಲೆ ಹಿಡಿದು ಅಳುತ್ತಿದ್ದರು. ಎಂಬತ್ತರ ದಶಕದಲ್ಲಿ ನನ್ನ ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಧಾರವಾಡದಿಂದ ನಾಸಿಕಕ್ಕೆ ಹೋದ ವರ್ಷವೇ ಮಗಳಿಗೆ ವಿಷಮಜ್ವರ ಬಂತು. ಬಿಸಿನೀರು ಕೇಳಲೆಂದು ಆ ಪಡಸಾಲೆಗೆ ಹೋದವಳಿಗೆ ಮೊದಲು ಕೇಳಿಸಿದ್ದು ಕನ್ನಡದ ಬೈಗುಳ.

"ಹಾಲ ಉಕ್ಕಿ ಹೋಗ್ಲತ್ತದ, ಎಲ್ಲಾರೂ ಕಣ್ಣ ಮುಚ್ಕೊಂಡು ಕುಂತೀರೇನು!"

ಸುತ್ತ ಕುಳಿತವರಿಗೆ ಗೊತ್ತಿದ್ದದ್ದು ಮರಾಠಿ ಒಂದೇ. ಒಬ್ಬರೂ ಅಲುಗಲಿಲ್ಲ. ನಾನೇ ಓಡಿ ಸ್ಟೋವ್ ಆರಿಸಿದೆ. ರೊಟ್ಟಿ ಬಡಿಯುತ್ತ ಕುಳಿತಿದ್ದ ಆ ಹೆಂಗಸು ಕೈ ನಿಲ್ಲಿಸದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ನಮ್ಮಕಿನೇ ಇದ್ದಿ ಬಿಡು" ಎಂದರು. ಮಗಳು ಗುಣವಾಗಿ ಮನೆಗೆ ಬಂದ ಮೇಲೂ ನಾನು ಅಲ್ಲಿಗೆ ಹೋಗುವುದು ನಿಲ್ಲಲಿಲ್ಲ.

ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು. ಮರಾಠಿಯವರಿಗೆ ಕಾಕು ಎಂದರೆ ಚಿಕ್ಕಮ್ಮ. ಬೀದರ ಜಿಲ್ಲೆಯ ಲಿಂಗಾಯತರು, ನಾಸಿಕದಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆ. ಗಂಡ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಗಂಡನ ಕಾಯಿಲೆಯ ದಿನಗಳಲ್ಲಿ ಹಳ್ಳಿಯ ಹೆಂಗಸರು ಹಸಿದು ಮೆಟ್ಟಿಲ ಮೇಲೆ ಕೂತಿರುವುದನ್ನು ನೋಡಿದ್ದ ಕಾಕು, ಅಂಗಡಿ ಮೈದುನನ ಕೈಗೆ ಹೋದ ಮೇಲೆ ದಿನಾ ರೊಟ್ಟಿ ಕಟ್ಟಿಕೊಂಡು ಬರತೊಡಗಿದರು. ಅವರನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಸೇರಿದರು. ಭಜನಾ ಮಂಡಳಿಯ ಹೆಂಗಸರು, ಕಾಲೇಜಿನ ಹುಡುಗಿಯರು, ನಿವೃತ್ತರಾಗಿ ಮನೆಯಲ್ಲಿ ಸೊಸೆಯ ಕಾಲಿಗೆ ಅಡ್ಡವಾಗುತ್ತಿದ್ದ ಗಂಡಸರು, ಹೀಗೆ ಸೇವೆ ಮಾಡಬೇಕೆನ್ನುವವರೆಲ್ಲ ಕಾಕುವಿನ ಬಳಿ ಬರುವುದು. ಯಾರನ್ನು ಯಾವ ವಾರ್ಡಿಗೆ, ಯಾವ ರೋಗಿಯ ಪಕ್ಕಕ್ಕೆ ಕಳಿಸಬೇಕೆಂದು ಕಾಕು ಹೇಳುವುದು. ದಿಂಡೋರಿಯ ಮಹಿಳಾ ಮಂಡಳದವರು ತಮ್ಮ ಊರ ದವಾಖಾನೆಯಲ್ಲೂ ಹೀಗೆ ಮಾಡಬೇಕೆಂದು ಬಂದು ಕಲಿತು ಹೋದರು. ಕೊನೆಗೆ ಯಾರೋ 'ಸ್ವಯಂಸೇವಕ ಕೇಂದ್ರ' ಎಂದು ಹಲಗೆ ಬರೆಸಿ ಹಾಕಿದರು. ಕಾಕುವಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ, ಹಲಗೆ ಮರಾಠಿಯಲ್ಲಿತ್ತು.

ಆ ಪಡಸಾಲೆಯಲ್ಲಿ ಒಂದು ರೂಢಿಯಿತ್ತು. ಅಲ್ಲಿಂದ ಊರಿಗೆ ಹೊರಟ ಯಾವ ಹೆಂಗಸನ್ನೂ ಕಾಕು ಬರಿ ಸೆರಗಿನಲ್ಲಿ ಕಳಿಸುತ್ತಿರಲಿಲ್ಲ. ಬಾಗಿಲ ಬಳಿ ನಿಲ್ಲಿಸಿ ಉಡಿ ತುಂಬುತ್ತಿದ್ದರು. ಒಂದಷ್ಟು ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಅಂಗಡಿಯಿಂದ ತಂದ ಕುಪ್ಪಸದ ಖಣ. ಇದರಲ್ಲಿ ವಿಶೇಷವೇನು, ನಮ್ಮಲ್ಲೂ ಮರಾಠಿಯವರಲ್ಲೂ ಮನೆಯಿಂದ ಹೊರಟ ಮುತ್ತೈದೆಗೆ ಉಡಿ ತುಂಬುವುದು ಇದ್ದೇ ಇದೆಯಲ್ಲ ಎನ್ನಬಹುದು. ವಿಶೇಷವೆಂದರೆ ಕಾಕು ಗಂಡ ಸತ್ತವರ ಉಡಿಯನ್ನೂ ತುಂಬುತ್ತಿದ್ದರು. ಗಂಡ ತೀರಿಕೊಂಡ ದಿನ ಆ ಹೆಂಗಸರು ಹೆಣದ ಗಾಡಿಯ ಜೊತೆ ಹೋಗಿಬಿಡುತ್ತಿದ್ದರು. ಆದರೆ ಕೆಲವು ದಿನಗಳ ಮೇಲೆ ಆಸ್ಪತ್ರೆಯ ಮರಣ ದಾಖಲೆಗೆಂದು ತಿರುಗಿ ಬರಬೇಕಾಗುತ್ತಿತ್ತು. ಹಾಗೆ ಬಂದವರನ್ನು ಕಾಕು ಕೂರಿಸಿ, ಉಣಿಸಿ, ಹೊರಡುವಾಗ "ಸೆರಗ ಹಿಡಿ" ಎನ್ನುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹಿಂದೆ ಸರಿಯುತ್ತಿದ್ದರು. "ಹಿಡಿ ಅಂದ್ರ ಹಿಡಿ" ಎಂದು ಗದರಿ ತುಂಬುತ್ತಿದ್ದರು. ಆಗ ಅಳದ ಹೆಂಗಸನ್ನು ನಾನು ನೋಡಿಲ್ಲ. ಮುಸಲ್ಮಾನ ಹೆಂಗಸರೂ ದುಪಟ್ಟಾ ಒಡ್ಡಿ ತುಂಬಿಸಿಕೊಂಡು ಹೋಗುತ್ತಿದ್ದರು.

ಗಂಡ ಹೋದ ಮೇಲೆ ಸ್ವಂತ ಮೈದುನನ ಮಗಳ ಮದುವೆಯಲ್ಲಿ, ಸಾಲಾಗಿ ಕುಳಿತ ಹೆಂಗಸರಿಗೆಲ್ಲ ಉಡಿ ತುಂಬುತ್ತ ಬಂದವರು ಕಾಕುವಿನ ಮುಂದೆ ನಿಲ್ಲದೆ ಪಕ್ಕದವಳಿಗೆ ಹೋಗಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ. ನನಗೆ ಸಿಟ್ಟು ಬಂದು, "ಹಂಗಾರ ನಿಮ್ಮ ಉಡಿ ಯಾರ ತುಂಬತಾರ್ರಿ ಕಾಕು?" ಎಂದು ಕೇಳಿದೆ.

"ನಂದ ಬಿಡು ತಂಗಿ. ಹೋಗೋರಿಗಿ ತುಂಬಬೇಕು. ನಾ ಇಲ್ಲಿಂದ ಎಲ್ಲಿ ಹೋಗ್ತೀನಿ?" ಎಂದರು.

ತೊಂಬತ್ತರ ದಶಕ ಶುರುವಾದಾಗ ಆಸ್ಪತ್ರೆಯ ವಿಶ್ವಸ್ತರು ಬದಲಾದರು. ಹೊಸಬರು ಆವರಣವನ್ನೆಲ್ಲ ಒಪ್ಪ ಮಾಡಲು ಹೊರಟರು. ಪುಣೆಯಲ್ಲಿ ಸಣ್ಣ ಸೇವಾ ಸಂಸ್ಥೆಗಳಿಗೆ ನೆರವಾಗುವ ಒಂದು ಒಕ್ಕೂಟವಿತ್ತು. ಅವರು ಬಂದು ನೋಡಿ, ಕೆಲಸ ಸರಿಯಾಗಿದೆ ಎನಿಸಿದರೆ ಗುಣಮಟ್ಟದ ಮಾನ್ಯತೆ ಕೊಡುತ್ತಿದ್ದರು. ಅಂಥ ಮಾನ್ಯತೆಯಿದ್ದರೆ ಮಾತ್ರ ಪಡಸಾಲೆ ನಿಮಗೆ, ಇಲ್ಲದಿದ್ದರೆ ಬಿಟ್ಟುಕೊಡಿ ಎಂದು ವಿಶ್ವಸ್ತರು ಹೇಳಿಬಿಟ್ಟರು. ಪಡಸಾಲೆ ಹೋದರೆ ಹಳ್ಳಿಯವರು ಮತ್ತೆ ಮೆಟ್ಟಿಲ ಮೇಲೆ, ರಸ್ತೆ ಬದಿಯಲ್ಲಿ. ಇಷ್ಟು ವರ್ಷ ಯಾರ ಸರ್ಟಿಫಿಕೇಟು ನೋಡಿಕೊಂಡು ರೊಟ್ಟಿ ಬಡಿದೆವು ಎಂದು ನಾನು ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. ಪಾಪ, ಅವರದೇನು ತಪ್ಪು? ಮಗಳು ಆ ಕಡೆಯಿಂದ ಮರಾಠಿಯಲ್ಲಿ, "ಆಯಿ, ಹಳೂ ಬೋಲ್ ನಾ" ಎಂದಳು. ಮೆಲ್ಲಗೆ ಮಾತಾಡಬೇಕಂತೆ.

ನಮ್ಮ ಕಾರ್ಯದರ್ಶಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಗುರೂಜಿ ಎಂದು ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ, ವಾರ್ಡಿನ ಮುದುಕರಿಗೆ ದಿನಾ ಪೇಪರ್ ಓದಿ ಹೇಳುತ್ತಿದ್ದರು. ಆದರೆ ಜನ್ಮವಿಡೀ ಶಾಲಾ ತಪಾಸಣೆಗೆ ಹೆದರಿ ಬದುಕಿದವರು. ಇನ್‌ಸ್ಪೆಕ್ಟರ್ ಬರುವ ಮುಂಚೆ ಸುಣ್ಣ ಹೊಡೆಸುವುದು, ದಡ್ಡ ಹುಡುಗರನ್ನು ಹಿಂದಿನ ಬೆಂಚಿಗೆ ಕಳಿಸುವುದು, ಯಾವುದು ಎದ್ದು ಕಾಣುತ್ತದೋ ಅದನ್ನು ಮೊದಲು ಮುಚ್ಚುವುದು ಅವರ ರಕ್ತದಲ್ಲಿ ಸೇರಿಹೋಗಿತ್ತು. ನಮ್ಮನ್ನೂ ಹಾಗೆಯೇ ಅಣಿಗೊಳಿಸಿದರು. ಬೆಂಕಿ ಆರಿಸಲೆಂದು ಮರಳು ತುಂಬಿದ ಬಕೆಟ್ಟುಗಳು ಬಂದವು. ಎಲ್ಲರ ಎದೆಗೂ ಹೆಸರಿನ ಬಿಲ್ಲೆ ಬಂತು. ಕಾಕುವಿನ ಬಿಲ್ಲೆ ಹಿಟ್ಟಿನಲ್ಲಿ ಬಿದ್ದು ರೊಟ್ಟಿಯ ಜೊತೆ ಬೆಂದಿತು. ದೂರಿನ ಪೆಟ್ಟಿಗೆ ಇಟ್ಟರು. ಅದರಲ್ಲಿ ಬಿದ್ದ ಒಂದೇ ದೂರು ಪಲ್ಯಕ್ಕೆ ಖಾರ ಜಾಸ್ತಿ ಎಂಬುದು. ಬೀದರದವರ ಖಾರ, ನಾನೂ ಸಹಿ ಹಾಕಬಹುದಿತ್ತು.

ಒಕ್ಕೂಟದವರ ನಿಯಮಗಳಲ್ಲಿ, ನೆರವು ಪಡೆಯುವವರ ಮೇಲೆ ಧಾರ್ಮಿಕ ಆಚರಣೆ ಹೇರಬಾರದು ಎಂಬ ಮಾತಿತ್ತು. ಗುರೂಜಿ ಅದನ್ನು ಓದಿ ಬೆವರಿದರು. ಅಕ್ಕಿ, ಕೊಬ್ಬರಿ, ಖಣ ಇಟ್ಟಿದ್ದ ಬಾಗಿಲ ಪಕ್ಕದ ಕಪಾಟು ತೆಗೆಸಬೇಕು, ತಪಾಸಣೆ ಮುಗಿಯುವ ತನಕ ಉಡಿ ಬೇಡ ಎಂದರು. ನಾನು ಬಿಡಲಿಲ್ಲ. ಯಾರ ಮೇಲೆ ಹೇರಿದ್ದೇವೆ, ಮುಸಲ್ಮಾನರೂ ನಗುತ್ತ ತೆಗೆದುಕೊಳ್ಳುವುದಿಲ್ಲವೇ ಎಂದು ಜಗಳ ತೆಗೆದೆ. ಗುರೂಜಿ ಕೈ ಮುಗಿದು, "ಬಾಯೀ, ಒಂದು ಅಂಕ ಹೋದರೆ ಪಡಸಾಲೆ ಹೋಗುತ್ತದೆ" ಎಂದರು.

ಕಾಕು ಇಬ್ಬರ ಮಾತನ್ನೂ ಕೇಳಿದರು. ಆಮೇಲೆ ಎದ್ದು, ಕಪಾಟಿನೊಳಗಿನ ಖಣಗಳನ್ನು ತಾವೇ ಒಂದು ಗಂಟಿನಲ್ಲಿ ಕಟ್ಟಿದರು.

"ಇರ್ಲಿ ತಂಗಿ. ಉಡಿ ತುಂಬೋದು ನನ್ನ ಮನಸಿನ ಆಸೆ. ಮಳಿ ಬಂದಾಗ ಮಕ್ಕಳು ಮರಿ ಎಲ್ಲಿ ಮಲಗಬೇಕು? ಅದು ಮದಲ ನೋಡಬೇಕು" ಎಂದರು.

ಆ ಬೇಸಿಗೆಯಲ್ಲಿ ಚಾಂದವಡ್ ಆಚೆಯ ಒಂದು ಹಳ್ಳಿಯ ಹೆಂಗಸು ನಮ್ಮ ಪಡಸಾಲೆಯಲ್ಲಿ ಬಹಳ ದಿನ ಇದ್ದಳು. ಇಪ್ಪತ್ತೈದೂ ಮುಟ್ಟದ ವಯಸ್ಸು. ಈರುಳ್ಳಿ ಹೇರಿದ ಟ್ರಾಲಿ ಮಗುಚಿ ಗಂಡನ ಸೊಂಟ ಮುರಿದಿತ್ತು. ಮಾತು ಕಡಿಮೆ, ಕಾಕುವಿನ ಪಕ್ಕ ಕೂತು ರೊಟ್ಟಿ ಬೇಯಿಸುತ್ತಿದ್ದಳು. ಕಾಕುವಿನ ಮುರುಕು ಮರಾಠಿ ಅವಳೊಬ್ಬಳಿಗೆ ಪೂರ್ತಿ ತಿಳಿಯುತ್ತಿತ್ತು. ಹೊರಟವರ ಉಡಿ ತುಂಬುವಾಗ ಅಕ್ಕಿಯ ಪಾತ್ರೆ ಹಿಡಿದು ನಿಲ್ಲುತ್ತಿದ್ದವಳೂ ಅವಳೇ. ಗಂಡ ಸತ್ತ ಹೆಂಗಸೊಬ್ಬಳಿಗೆ ಕಾಕು ಮೊದಲ ಸಲ ಅವಳೆದುರು ಉಡಿ ತುಂಬಿದಾಗ, ಅವಳು ಪಾತ್ರೆಯನ್ನು ಎದೆಗೆ ಅವಚಿಕೊಂಡು ಆ ಹೆಂಗಸು ಗೇಟು ದಾಟುವ ತನಕ ನೋಡುತ್ತಿದ್ದಳು. ಆಮೇಲೆ ನನ್ನನ್ನು ಕೇಳಿದ್ದಳು, "ಇಲ್ಲಿ ಎಲ್ಲರಿಗೂ ತುಂಬುತ್ತಾರಾ?" ಹೌದು, ಎಲ್ಲರಿಗೂ ಎಂದಿದ್ದೆ.

ಮಳೆಗಾಲಕ್ಕೆ ಮುಂಚೆ ಅವಳ ಗಂಡ ತೀರಿಕೊಂಡ. ಕಪಾಟು ತೆಗೆದದ್ದು ಅವಳು ಊರಿಗೆ ಹೋದ ಮೇಲೆ.

ತಪಾಸಣೆಗೆ ಬಂದದ್ದು ಒಬ್ಬ ನಡುವಯಸ್ಸಿನ ಮೇಡಂ. ಗುರೂಜಿ ಮುಂದೆ ಮುಂದೆ ನಡೆದು ಎಲ್ಲ ತೋರಿಸಿದರು. ಮೇಡಂ ಮರಳಿನ ಬಕೆಟ್ಟನ್ನು ನೋಡಲಿಲ್ಲ. ಹಳ್ಳಿಯವರ ನಡುವೆ ನೆಲದ ಮೇಲೆ ಕೂತು ಅವರ ಜೊತೆ ಮಾತಾಡಿದರು, ಕಾಕುವಿನ ರೊಟ್ಟಿ ತಿಂದರು, ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಪಲ್ಯ ಹಾಕಿಸಿಕೊಂಡರು. ಒಳ್ಳೆಯವರು ಎನಿಸಿತು.

ಊಟ ಮುಗಿಯುವ ಹೊತ್ತಿಗೆ ಚಾಂದವಡದ ಆ ಹೆಂಗಸು ಬಂದಳು. ಆಸ್ಪತ್ರೆಯ ಕಾಗದಕ್ಕೆ ಮೈದುನನ ಜೊತೆ ಬಂದಿದ್ದಳು. ಹಣೆ ಬೋಳು, ಕೈ ಬೋಳು. ನಾವು ಕೊಟ್ಟಿದ್ದ ಕಂಬಳಿಯನ್ನು ಒಗೆದು ಮಡಚಿ ತಂದಿದ್ದಳು. ಕಾಕು ಅವಳ ತಲೆ ನೇವರಿಸಿ, ಊಟಕ್ಕೆ ಕೂರಿಸಿದರು. ಮೈದುನ ಬಾಗಿಲ ಹೊರಗೆ ನಿಂತು, ಬಸ್ಸಿಗೆ ಹೊತ್ತಾಯಿತೆಂದು ಕೂಗಿದ. ಅವಳು ಎದ್ದು ಕೈ ತೊಳೆದು ಬಾಗಿಲ ತನಕ ಬಂದಳು. ಅಲ್ಲಿ ನಿಂತು ತಿರುಗಿದಳು. ಯಾರೂ ಹೇಳದೆ, ತಾನಾಗಿಯೇ ಸೆರಗನ್ನು ಎರಡೂ ಕೈಯಲ್ಲಿ ಬಿಡಿಸಿ ಕಾಕುವಿನ ಮುಂದೆ ಒಡ್ಡಿದಳು.

ಅಷ್ಟು ದಿನದಲ್ಲಿ ತಾನಾಗಿ ಸೆರಗೊಡ್ಡಿದ ವಿಧವೆ ಅವಳೊಬ್ಬಳೇ.

ಕಾಕು ಕಪಾಟಿದ್ದ ಕಡೆ ನೋಡಿದರು. ಅಲ್ಲಿ ಹೊಸದಾಗಿ ಸುಣ್ಣ ಬಳಿದ ಗೋಡೆಯಿತ್ತು. ಗುರೂಜಿ ಮೇಡಂ ಪಕ್ಕದಲ್ಲಿ ನಿಂತು ಕಾಕುವಿನತ್ತ ಸಣ್ಣಗೆ ತಲೆಯಾಡಿಸಿದರು, ಬೇಡ ಎಂದು. ಒಳಗೆ ಡಬ್ಬಿಯಲ್ಲಿ ಅಕ್ಕಿ ಇತ್ತು. ನಾನು ಎದ್ದೆ. ಕಾಕು ನನ್ನ ಕೈ ಹಿಡಿದು ಕೂರಿಸಿದರು. ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆಯೊಂದು ಒಡೆಯಿತು. ಆಮೇಲೆ ಅವಳ ಕಡೆ ತಿರುಗಿ, ಖಾಲಿ ಕೈಗಳನ್ನು ಜೋಡಿಸಿ ನಿಂತರು.

ಅವಳು ಒಂದು ಗಳಿಗೆ ಹಾಗೇ ಇದ್ದಳು. ನಂತರ ಸೆರಗನ್ನು ಮಡಚಿದಳು, ತಲೆಯ ಮೇಲೆ ಎಳೆದುಕೊಂಡಳು, ಬಾಗಿ ಕಾಕುವಿನ ಕಾಲು ಮುಟ್ಟಿ ಹೊರಟುಹೋದಳು. ಅವಳಿಗೆ ಏನು ತಿಳಿಯಿತೆಂದು ನಮಗೆಲ್ಲ ತಿಳಿಯಿತು. ಲೋಕ ಎಲ್ಲ ಕಡೆಯೂ ಒಂದೇ ಎಂದು ತಿಳಿದುಕೊಂಡು ಹೋದಳು.

ಸಂಜೆ ಚಹಾ ಕುಡಿದು ಹೊರಡುವ ಮುಂಚೆ ಮೇಡಂ ಕಾಕುವಿನ ಎದುರು ಕುಳಿತರು. ಕೆಲಸ ಬಹಳ ಚೆನ್ನಾಗಿದೆ, ಮಾನ್ಯತೆಗೆ ನಾನೇ ಶಿಫಾರಸು ಮಾಡುತ್ತೇನೆ ಎಂದರು. ಗುರೂಜಿಯ ಮುಖ ಅರಳಿತು. ಆಗ ಮೇಡಂ ಸ್ವಲ್ಪ ಸಂಕೋಚದಿಂದ ಕೇಳಿದರು:

"ದಿಂಡೋರಿಯ ಮಂಡಳದವರು ನನಗೊಂದು ಮಾತು ಹೇಳಿದ್ದರು. ಇಲ್ಲಿ ಗಂಡ ತೀರಿಕೊಂಡ ಹೆಂಗಸರಿಗೂ ಉಡಿ ತುಂಬುತ್ತೀರಂತೆ. ನಿಮ್ಮಿಂದ ಕಲಿತು ಅವರೂ ತುಂಬುತ್ತಾರಂತೆ. ಅದನ್ನು ನೋಡಬೇಕೆಂದೇ ಬಂದಿದ್ದೆ. ಇವತ್ತು ಆ ಹುಡುಗಿ ಸೆರಗೊಡ್ಡಿದಳಲ್ಲ, ಯಾಕೆ ತುಂಬಲಿಲ್ಲ?"

ಗುರೂಜಿ ಸುಣ್ಣ ಬಳಿದ ಗೋಡೆಯನ್ನು ನೋಡಿದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಎಂದು ಬೇರೆ ದಿನವಾಗಿದ್ದರೆ ನಾನು ಕುಟುಕುತ್ತಿದ್ದೆ. ಕಾಕು ಎದ್ದು ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದಾಗ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅಂದೇ.

"ನನಗ ದಾಟಿ ಹ್ವಾದ್ರಲ್ಲ, ಹಂಗ ನಾ ಆಕಿಗಿ ಮಾಡ್ದೆ ತಂಗಿ" ಎಂದರು.

ಮರುದಿನವೇ ನಾವಿಬ್ಬರೂ ಸರ್ಕಾರಿ ಎಸ್‌ಟಿ ಬಸ್ಸು ಹತ್ತಿ ಚಾಂದವಡಕ್ಕೆ ಹೋದೆವು. ಅಲ್ಲಿಂದ ಈರುಳ್ಳಿ ಖಾಲಿ ಮಾಡಿ ವಾಪಸು ಹೊರಟ ಟೆಂಪೋದಲ್ಲಿ ಅವಳ ಹಳ್ಳಿಗೆ. ಕಾಕುವಿನ ಮಡಿಲಲ್ಲಿ ಒಂದು ಚೀಲ: ಅಕ್ಕಿ, ಕೊಬ್ಬರಿ, ತಮ್ಮ ಕೈಯಾರೆ ಆರಿಸಿದ ಹಸಿರು ಖಣ. ಅವಳು ಅಂಗಳದಲ್ಲಿ ಈರುಳ್ಳಿ ಆರಿಸುತ್ತಿದ್ದಳು. ನಮ್ಮನ್ನು ನೋಡಿ ಗಾಬರಿಯಾಗಿ ಎದ್ದು ಚಾಪೆ ಹಾಸಿದಳು. ಅತ್ತೆ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದಳು.

ಕಾಕು ತಮ್ಮ ಮುರುಕು ಮರಾಠಿಯಲ್ಲಿ ಹೇಳಲು ಶುರು ಮಾಡಿದರು. ಪುಣೆಯಿಂದ ಬಂದವರು, ಮಾನ್ಯತೆ, ಪಡಸಾಲೆ ಹೋಗುತ್ತಿತ್ತು ಎಂದೆಲ್ಲ. ಮಾನ್ಯತೆ ಎಂದರೇನೆಂದು ಈರುಳ್ಳಿಯ ರಾಶಿಯ ನಡುವೆ ಹೇಗೆ ಹೇಳುವುದು? ನಾನೂ ಸೇರಿಸಿ ಹೇಳಿದೆ. ಹೇಳಿದಷ್ಟೂ ಅದು ನೆಪದಂತೆಯೇ ಕೇಳಿಸುತ್ತಿತ್ತು. ಅವಳು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಕಾಕು ಚೀಲ ಬಿಚ್ಚಿ, "ಸೆರಗ ಹಿಡಿ ಮಗಾ" ಎಂದರು. ಕನ್ನಡದಲ್ಲೇ ಎಂದರು.

ಅವಳು ಹಿಡಿಯಲಿಲ್ಲ.

"ಬೇಡ ಕಾಕು. ಅವತ್ತು ನೀವು ಮಾಡಿದ್ದೇ ಸರಿ. ನಾನೇ ತಿಳಿಯದೆ ಒಡ್ಡಿದೆ. ದೊಡ್ಡವರ ಎದುರಿಗೆ ನಿಮಗೆ ಮುಜುಗರ ಮಾಡಿದೆ. ತಪ್ಪಾಯಿತು" ಎಂದಳು.

ತಪ್ಪಾಯಿತು ಎಂದು ಅವಳು ಹೇಳಿದಳು! ಕಾಕು ಮತ್ತೆ ಮತ್ತೆ ಬೇಡಿಕೊಂಡರು. ಗದರಿಯೂ ನೋಡಿದರು. ಅವಳು ಮೃದುವಾಗಿ ಚೀಲದ ಬಾಯಿ ಕಟ್ಟಿ ಕಾಕುವಿನ ಕೈಗೆ ಕೊಟ್ಟಳು. ಮನೆಗೆ ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಒಳ್ಳೆಯ ಈರುಳ್ಳಿ ಆರಿಸಿ ಇನ್ನೊಂದು ಚೀಲ ತುಂಬಿಕೊಟ್ಟಳು. ಬಸ್ಸಿನಲ್ಲಿ ಕಾಕು ನಾಸಿಕದವರೆಗೆ ಎರಡೂ ಚೀಲವನ್ನು ಮಡಿಲಲ್ಲೇ ಹಿಡಿದು ಕೂತಿದ್ದರು. ಮುಂದಿನ ವರ್ಷ ಅವಳ ಹಳ್ಳಿಯವರು ಯಾರೋ ಆಸ್ಪತ್ರೆಗೆ ಬಂದಾಗ ವಿಚಾರಿಸಿದೆವು. ಯಾವುದೋ ದ್ರಾಕ್ಷಿ ತೋಟದ ಕೂಲಿಗೆ ಹೋದಳಂತೆ, ಎಲ್ಲಿಯೆಂದು ಅವರಿಗೂ ಗೊತ್ತಿರಲಿಲ್ಲ.

ಮಾನ್ಯತೆ ಬಂತು. ಅದರ ಪತ್ರಕ್ಕೆ ಕಟ್ಟು ಹಾಕಿಸಿ ಕಪಾಟಿದ್ದ ಜಾಗದಲ್ಲೇ ಗೋಡೆಗೆ ತೂಗು ಹಾಕಿದರು. ಪಡಸಾಲೆ ಉಳಿಯಿತು, ಮಳೆಗೆ ಮಕ್ಕಳು ಒಣಗಿದ ನೆಲದ ಮೇಲೆ ಮಲಗಿದರು. ಅದನ್ನು ಸುಳ್ಳೆನ್ನಲಾರೆ. ಗುರೂಜಿ ತಾವೇ ಹೊಸ ಕಪಾಟು ಮಾಡಿಸಿ ತಂದು, ಉಡಿ ತುಂಬುವುದನ್ನು ಮತ್ತೆ ಶುರು ಮಾಡಿಸಿದರು. ನಾವೆಲ್ಲ ತುಂಬಿದೆವು. ಕಾಕು ಮಾತ್ರ ಆಮೇಲೆ ಯಾರ ಉಡಿಯನ್ನೂ ತುಂಬಲಿಲ್ಲ. ಹೊರಟವರು ಬಾಗಿಲ ಬಳಿ ನಿಂತರೆ ಅವರು ಒಲೆಯ ಕಡೆ ಮುಖ ತಿರುಗಿಸಿ ರೊಟ್ಟಿ ಬಡಿಯುತ್ತಿದ್ದರು.

ಕೆಲವು ವರ್ಷಗಳ ಮೇಲೆ ನಮಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಆಗ ಔರಂಗಾಬಾದ್ ಎನ್ನುವವರೇ ಹೆಚ್ಚು. ಕಾಕುವಿಗೂ ಎದೆನೋವು ಶುರುವಾಗಿ, ಅದೇ ಊರಿನಲ್ಲಿದ್ದ ಅವರ ಮಗಳು ಕರೆದುಕೊಂಡು ಬಂದಳು. ಅಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮೊಮ್ಮಕ್ಕಳಿಗೆ ಅಜ್ಜಿಯ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. "ಬೈದ್ರ ತಿಳೀತದ, ಅಷ್ಟ ಸಾಕು" ಎಂದು ಕಾಕು ನಗುತ್ತಿದ್ದರು.

ಒಂದು ಶ್ರಾವಣ ಶುಕ್ರವಾರ ನೋಡಲು ಹೋಗಿದ್ದೆ. ಕಾಕು ಮಂಚದ ಮೇಲೆ ಒರಗಿದ್ದರು. ಹೊರಟಾಗ ಅವರ ಮಗಳು ನನ್ನ ಉಡಿ ತುಂಬಿದಳು. ತುಂಬಿಸಿಕೊಂಡವಳು ಅದರಲ್ಲಿ ನಾಲ್ಕು ಅಕ್ಕಿಕಾಳು ತೆಗೆದು ಆ ಮನೆಗೇ ಮರಳಿಸುವುದು ನಮ್ಮಲ್ಲಿ ರೂಢಿ, ಮನೆ ಬರಿದಾಗಬಾರದೆಂದು. ನಾನು ಆ ಕಾಳುಗಳನ್ನು ಮಗಳ ಪಾತ್ರೆಗೆ ಹಾಕದೆ, ಅವಳು ಒಳಗೆ ಹೋದದ್ದು ನೋಡಿ ಕಾಕುವಿನ ಅಂಗೈಯಲ್ಲಿಟ್ಟೆ.

"ನನಗ್ಯಾಕ?" ಎಂದರು.

"ಮನೀಗೆ ತಿರುಗಿ ಕೊಡೂದ್ರಿ. ನೀವೂ ಈ ಮನಿಯವರ ಅಲ್ಲೇನ್ರಿ?"

ಅವರ ಉಡಿ ತುಂಬಲು ನಾನು ಹೂಡಿದ ಆಟ ಅವರಿಗೆ ತಿಳಿಯಿತು. "ಭಾಳ ಶಾಣ್ಯಾಕಿ ಇದ್ದಿ" ಎಂದರು. ಕಾಳುಗಳನ್ನು ಬಹಳ ಹೊತ್ತು ನೋಡುತ್ತಿದ್ದು, ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದರು. "ಇವು ನನ್ನವಲ್ಲ. ಆಕಿವು. ಎಲ್ಲ್ಯಾರ ಸಿಕ್ಕಳಂದ್ರ ಕೊಡ್ತೀನಿ."

ದಸರೆಗೆ ಮುಂಚೆ ಕಾಕು ತೀರಿಕೊಂಡರು. ಮಣ್ಣು ಮಾಡುವ ಮುನ್ನ ಮೈತೊಳೆಯಲು ಕೇರಿಯ ನಮ್ಮವರೇ ನಾಲ್ಕು ಜನ ಹೆಂಗಸರು ಬಂದಿದ್ದರು. ಮೈಮೇಲಿನ ಸೀರೆ ತೆಗೆಯುವಾಗ ಅವರಲ್ಲಿ ಹಿರಿಯಳೊಬ್ಬಳ ಕೈಗೆ ಗಂಟು ತಾಗಿತು.

"ಇದೇನ್ ಕಟ್ಕೊಂಡಾಳ?" ಎಂದಳು.

"ಗೊತ್ತಿಲ್ರಿ. ಸೀರಿ ಬದಲಿ ಮಾಡಿದಾಗೆಲ್ಲ ಬಿಚ್ಚಿ ಹೊಸಾದಕ್ಕ ಕಟ್ಕೋತಿದ್ದಳು. ಕೇಳಿದ್ರ ಹೇಳ್ತಿದ್ದಿಲ್ಲ" ಎಂದು ಮಗಳು ಅತ್ತಳು.

ನಾನು ಗಂಟು ಬಿಚ್ಚಿದೆ. ಕಾಳುಗಳು ಬೆವರಿಗೆ ಹಳದಿಯಾಗಿದ್ದವು. ಹೊಸ ಸೀರೆ ಉಡಿಸಿದ ಮೇಲೆ ಅವನ್ನು ಅದರ ಸೆರಗಿನ ತುದಿಗೆ ಹಾಕಿ ಕಟ್ಟಿದೆ. ಗಂಡ ಸತ್ತವಳ ಸೆರಗಿಗೆ ಅಕ್ಕಿ ಯಾಕೆಂದು ಆ ಹಿರಿಯಳು ಹುಬ್ಬೇರಿಸಿದಳು.

"ಒಬ್ಬಾಕಿಗೆ ಕೊಡೂದೈತ್ರಿ" ಎಂದೆ.